ಜೊತೆಗೊಂದು ಎಂಜಿನ್ ಇರಲಿ

ಮೊನ್ನೆ ಮಣಿಪಾಲದ ಒಂದು ಸಭೆಯಲ್ಲಿ ನನಗೆ ಶಾಲು ಹೊದೆಸಿದರು. ಹೊದೆಸುವ ಮೊದಲು ಒಬ್ಬರು ಮೈಕಿನ ಮುಂದೆ ನಿಂತು, ನಾನು ಯಾವಾಗ ಯಾವ ಹುದ್ದೆಯಲ್ಲಿದ್ದೆ, ಯಾವಾಗ ಮೇಲಕ್ಕೆ ಏರಿದೆ ಎಂದು ಕಾಗದ ನೋಡಿಕೊಂಡು ಓದಿದರು. ಓದುತ್ತಲೇ ಇದ್ದರು. ಎದುರು ಸಾಲಿನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡುವ ಹುಡುಗಿಯರು ಕೂತಿದ್ದರು. ಆಕಳಿಕೆ ತಡೆದು ತಡೆದು ಪಾಪ ಅವರ ಕಣ್ಣಲ್ಲಿ ನೀರು ಬಂದಿತ್ತು. ನನ್ನದೂ ಅದೇ ಗತಿ. ಆದರೆ ವೇದಿಕೆಯಲ್ಲಿ ಕೂತವರು ಆಕಳಿಸುವ ಹಾಗಿಲ್ಲವಲ್ಲ.

ಊಟದ ಹೊತ್ತಿಗೆ ಅವರಲ್ಲಿ ಒಬ್ಬಳು ತಟ್ಟೆ ಹಿಡಿದುಕೊಂಡು ಬಂದು ನನ್ನ ಪಕ್ಕ ನಿಂತಳು. ಅವಳಿಗೆ ದೂರದ ಯಾವುದೋ ದೇಶದಲ್ಲಿ ಕೆಲಸ ಸಿಕ್ಕಿದೆಯಂತೆ. "ಮೇಡಂ, ಅಲ್ಲಿ ಡೀಸೆಲ್ ಸ್ಟೇಷನ್ ತೆಗೆದು ಬೇರೆ ಹಾಕುವ ಕೆಲಸ. ಕಷ್ಟ ಉಂಟಾ?" ಎಂದು ಕೇಳಿದಳು. ಬೇರೆ ಹಾಕುವುದು ಕಷ್ಟವಲ್ಲ ಮಗಾ, ಹಳೆಯದನ್ನು ಬಿಡುವುದು ಕಷ್ಟ ಎಂದೆ. ಅಷ್ಟರಲ್ಲಿ ಫೋಟೋಕ್ಕೆ ಕರೆದರು, ಮಾತು ಅಲ್ಲಿಗೇ ನಿಂತಿತು. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ. ಹುದ್ದೆಗಳ ಸುದ್ದಿ ಇದರಲ್ಲಿ ಇಲ್ಲ.

ನಾನು ಸಂತೆಕಟ್ಟೆಯವಳು. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಡಿಪ್ಲೊಮಾ ಮುಗಿಸಿ ಮೊದಲು ಸೇರಿದ್ದು ಕಾರ್ಕಳದ ಕಡೆಯ ಒಂದು ಗೇರುಬೀಜದ ಕಾರ್ಖಾನೆಗೆ. ಎಲೆಕ್ಟ್ರಿಕಲ್ ಕೆಲಸ ಎಂದು ಕರೆದವರು, ಹೋದ ಮೇಲೆ ಟೈಪಿಂಗ್ ಮಾಡು ಎಂದರು. ಅಲ್ಲಿನ ಜನರೇಟರ್ ಕೋಣೆಗೆ ಮಾಲೀಕರ ಭಾವನವರೇ ಒಡೆಯರು. ಕೀಲಿ ಅವರ ಸೊಂಟದಲ್ಲಿ. ಒಂದು ದಿನ ಅವರು ಮದುವೆಗೆ ಹೋದರು, ಅವರೊಂದಿಗೆ ಕೀಲಿಯೂ ಹೋಯಿತು, ಹಿಂದಿನಿಂದ ಕರೆಂಟೂ ಹೋಯಿತು. ಬಾಯ್ಲರಿಗೆ ನೀರು ಹಾಕುವ ಪಂಪು ನಿಂತಿದೆ, ಒಳಗೆ ಹೆಂಗಸರು ಸೆಕೆಯಲ್ಲಿ ಬೇಯುತ್ತಿದ್ದಾರೆ, ಮ್ಯಾನೇಜರು ಭಾವನವರನ್ನು ಹುಡುಕಿಸಲು ಜನ ಕಳುಹಿಸುತ್ತಿದ್ದಾರೆ. ನನಗೆ ತಡೆಯಲಿಲ್ಲ. ದೊಡ್ಡ ಸ್ಪ್ಯಾನರ್ ತೆಗೆದುಕೊಂಡು ಬೀಗ ಒಡೆದೆ, ಜನರೇಟರ್ ಚಾಲೂ ಮಾಡಿದೆ. ಮರುದಿನ ಭಾವನವರು ಬಂದು ಮನಸಾರೆ ಬೈದರು. ಬೈದು ಮುಗಿಸಿ ಹೊಸ ಬೀಗದ ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ನನ್ನ ಟೈಪಿಂಗ್ ಅಲ್ಲಿಗೆ ಮುಗಿಯಿತು.

ಮದುವೆಯಾದ ಕೆಲವು ವರ್ಷಕ್ಕೆ ನನ್ನ ಗಂಡನಿಗೆ ಒಂದು ದ್ವೀಪದೇಶದಲ್ಲಿ ಗಣಿತದ ಮೇಷ್ಟ್ರ ಕೆಲಸ ಸಿಕ್ಕಿತು. ದೇಶದ ಹೆಸರು ಬೇಡ. ಭೂಪಟದಲ್ಲಿ ನೋಡಿದರೆ ನೊಣ ಕೂತ ಗುರುತು ಎಂದುಕೊಳ್ಳುತ್ತೀರಿ. ನಡುವೆ ಗುಡ್ಡ, ಸುತ್ತ ಸಮುದ್ರ, ಒಂದೇ ಪೇಟೆ, ಆ ಪೇಟೆಗೆ ಒಂದೇ ಪವರ್ ಹೌಸ್. ಅಲ್ಲಿ ಮೂರು ಡೀಸೆಲ್ ಎಂಜಿನ್‌ಗಳು ಸರದಿಯಂತೆ ಓಡುತ್ತಿದ್ದವು. ಆ ಸದ್ದು ಪೇಟೆಯ ಯಾವ ಮೂಲೆಗೆ ಹೋದರೂ ಕೇಳಿಸುತ್ತಿತ್ತು. ಮನೆಯಲ್ಲಿ ಕೂತು ಬೇಸತ್ತು ಒಂದು ದಿನ ಅಲ್ಲಿಗೇ ಹೋಗಿ ಕೆಲಸ ಕೇಳಿದೆ. ಮೈತುಂಬ ಗ್ರೀಸ್ ಮೆತ್ತಿಕೊಂಡ ಮುಖ್ಯಸ್ಥರು ನನ್ನ ಇಂಗ್ಲಿಷನ್ನು ಎರಡು ನಿಮಿಷ ಕೇಳಿ, "ಬಾಯಿ, ನಿಮ್ಮದು ಉಡುಪಿ ಅಲ್ವಾ?" ಎಂದು ಕನ್ನಡದಲ್ಲಿ ಕೇಳಿದರು. ಕೊಂಕಣಿ ಹೆಂಗಸರನ್ನು ನಮ್ಮ ಕಡೆ ಬಾಯಿ ಎಂದೇ ಕರೆಯುವುದು.

ಅವರು ಕರ್ಕೇರರು. ಕಾಪುವಿನ ಮೀನುಗಾರರ ಮನೆಯವರು. ಮಲ್ಪೆಯಲ್ಲಿ ಬೋಟುಗಳ ಎಂಜಿನ್ ಬಿಚ್ಚಿ ಜೋಡಿಸಿ ಕಲಿತು, ಗಲ್ಫಿಗೆ ಹೋಗಿ, ಅಲ್ಲಿಂದ ಈ ದ್ವೀಪಕ್ಕೆ ಬಂದಿದ್ದರು. ಎಂಜಿನ್‌ಗೆ ಕಿವಿ ಕೊಟ್ಟರೆ ಯಾವ ಸಿಲಿಂಡರಿಗೆ ಹುಷಾರಿಲ್ಲ ಎಂದು ಹೇಳುತ್ತಿದ್ದರು. ಹತ್ತರಲ್ಲಿ ಎರಡು ಸಲ ತಪ್ಪುತ್ತಿತ್ತು, ಆಗ ಎಂಜಿನ್ನೇ ಸುಳ್ಳು ಹೇಳಿತು ಎನ್ನುತ್ತಿದ್ದರು. ಸಿಟ್ಟು ಬಂದರೆ ತುಳು, ಕೆಲಸ ಕಲಿಸುವಾಗ ಕನ್ನಡ. ಎಂಜಿನಿಯರ್‌ಗಳಿಗೆ ಶಿಸ್ತು ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ, ಯಂತ್ರವನ್ನು ಮುಟ್ಟಲು ಕಲಿಸುವವರು ಸಿಗುವುದಿಲ್ಲ. ನನಗೆ ಸಿಕ್ಕಿದರು.

ಡೀಸೆಲ್ ಬರುತ್ತಿದ್ದದ್ದು ಹಡಗಿನಲ್ಲಿ. ಒಂದು ಸಲ ಸಮುದ್ರ ಕೆಟ್ಟು ಹಡಗು ಬರಲೇ ಇಲ್ಲ. ಟ್ಯಾಂಕಿನ ತಳ ಕಾಣತೊಡಗಿತು. ಯಾವ ಲೈನಿಗೆ ಕರೆಂಟು ಕೊಡಬೇಕು, ಯಾವುದನ್ನು ಕತ್ತರಿಸಬೇಕು ಎಂದು ಕರ್ಕೇರರೇ ನಿರ್ಧರಿಸಬೇಕಾಯಿತು. ಆಸ್ಪತ್ರೆ ಉಳಿಸಿದರು, ನೀರಿನ ಪಂಪು ಉಳಿಸಿದರು, ಮೀನುಗಾರರ ಸಂಘದ ಶೀತಲಗೃಹವನ್ನು ಕತ್ತರಿಸಿದರು. ಬೇರೆ ದಾರಿ ಇರಲಿಲ್ಲ. ಆ ಹಂಗಾಮಿನ ಮೀನೆಲ್ಲ ಒಳಗೆ ಕೊಳೆಯಿತು. ಮೀನುಗಾರರ ಮನೆಯವರು ಅದನ್ನು ಬುಟ್ಟಿಗಳಲ್ಲಿ ತುಂಬಿ ನಮ್ಮ ಗೇಟಿನ ಮುಂದಿನಿಂದಲೇ ಸಮುದ್ರಕ್ಕೆ ಸುರಿಯಲು ಹೊತ್ತುಕೊಂಡು ಹೋದರು. ಯಾರೂ ಕಲ್ಲು ಹೊಡೆಯಲಿಲ್ಲ, ಬೈಯಲಿಲ್ಲ, ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಕರ್ಕೇರರು ಗೇಟಿನ ಬಳಿ ನಿಂತು ಕೊನೆಯ ಬುಟ್ಟಿಯವರೆಗೆ ನೋಡಿದರು. "ನನ್ನ ಅಮ್ಮ ತಲೆ ಮೇಲೆ ಬುಟ್ಟಿ ಹೊತ್ತು ಮೀನು ಮಾರಿ ನನ್ನನ್ನು ಓದಿಸಿದ್ದು ಬಾಯಿ," ಎಂದಷ್ಟೇ ಹೇಳಿ ಒಳಗೆ ಹೋದರು. ಇನ್ನು ಈ ಊರಿನ ದೀಪ ಒಂದು ಹಡಗಿನ ಕೈಯಲ್ಲಿ ಇರಬಾರದು ಎಂದು ಅಂದೇ ನಿಶ್ಚಯ ಮಾಡಿದೆ.

ನಾನು ನಿಶ್ಚಯ ಮಾಡಿದ್ದರಿಂದ ಏನೂ ಆಗಲಿಲ್ಲ ಬಿಡಿ. ಆಗಿದ್ದು ಸರಕಾರ ಸಾಲ ತಂದದ್ದರಿಂದ. ಗುಡ್ಡದ ಮೇಲಿನ ಹೊಳೆಗೆ ಸಣ್ಣ ಅಣೆ ಕಟ್ಟಿದರು, ಅಲ್ಲಿಂದ ದಪ್ಪ ಪೈಪಿನಲ್ಲಿ ನೀರನ್ನು ಕೆಳಗಿಳಿಸಿದರು, ಬುಡದಲ್ಲಿ ಟರ್ಬೈನ್ ಕೂರಿಸಿದರು. ರಿಬ್ಬನ್ ಕತ್ತರಿಸಿದರು, ಹಾಡು ಹೇಳಿದರು. ನೋಡಿಕೊಳ್ಳಲು ಮಾತ್ರ ನಮ್ಮನ್ನೇ ಕಳುಹಿಸಿದರು.

ಈಗ ಆ ಹುಡುಗಿಗೆ ಹೇಳಬೇಕಾದ ಮಾತು. ನೀರಿನಿಂದ ಕರೆಂಟು ಬರತೊಡಗಿತು, ಆದರೆ ಡೀಸೆಲ್ ಎಂಜಿನ್ ನಿಲ್ಲಲಿಲ್ಲ. ಶೀತಲಗೃಹದ ಕಂಪ್ರೆಸರ್‌ನಂಥ ದೊಡ್ಡ ಮೋಟಾರು ಒಮ್ಮೆಲೇ ಚಾಲೂ ಆದರೆ ಟರ್ಬೈನ್ ಏದುಸಿರು ಬಿಡುತ್ತದೆ, ಒಮ್ಮೆಲೇ ನಿಂತರೆ ಹುಚ್ಚು ಹಿಡಿದಂತೆ ಓಡುತ್ತದೆ. ಎರಡನ್ನೂ ಸರಿದೂಗಿಸಲಿ ಎಂದು ಪೇಟೆಯಲ್ಲಿ ಒಂದು ಎಂಜಿನನ್ನು ಹಗಲೂ ರಾತ್ರಿ ಓಡಿಸುತ್ತಿದ್ದರು. "ಜೊತೆಗೊಂದು ಎಂಜಿನ್ ಇರಲಿ" ಎನ್ನುವುದು ಕರ್ಕೇರರ ಮಂತ್ರ. ಇರಲಿ ಎಂದರೆ ಅದು ಎಣ್ಣೆ ಕುಡಿಯದೆ ಇರುತ್ತದೆಯೇ? ಹಡಗು ಮೊದಲಿನಂತೆಯೇ ಬರುತ್ತಿತ್ತು. ನೀರಿನ ಸಾಲವೂ ಕಟ್ಟಬೇಕು, ಎಣ್ಣೆಯೂ ತರಬೇಕು. ವಿದ್ಯುತ್ ಮಂಡಳಿಯ ನಿರ್ದೇಶಕರು ಅಲ್ಲಿಯವರೇ, ಒಳ್ಳೆಯ ಮನುಷ್ಯ, ಆದರೆ ಅವರ ತಾಳ್ಮೆಯೂ ಮುಗಿಯಿತು. ಬರುವ ಮಳೆಗಾಲ ಮುಗಿಯುವುದರೊಳಗೆ ಎಂಜಿನ್ ನಿಲ್ಲಿಸಿ ತೋರಿಸಿ, ಆಗದಿದ್ದರೆ ನೀರಿನ ಯೋಜನೆಯನ್ನು ಇಲ್ಲಿಗೇ ಬಿಟ್ಟು ಹೊಸ ಡೀಸೆಲ್ ಎಂಜಿನ್‌ಗೆ ಸಹಿ ಹಾಕುತ್ತೇನೆ ಎಂದರು. ಹೊಸ ಎಂಜಿನ್ ಬಂದರೆ ಇನ್ನೊಂದು ತಲೆಮಾರು ಆ ಹಡಗಿನ ದಾರಿ ಕಾಯುವುದೇ ಗತಿ.

ಕರ್ಕೇರರಿಗೆ ನೀರಿನ ಮೇಲೆ ನಂಬಿಕೆ ಇರಲಿಲ್ಲ. ಇದ್ದ ಅಷ್ಟಿಷ್ಟೂ ಒಂದು ಬೆಳಿಗ್ಗೆ ಹೋಯಿತು. ಅಂದು ಅವರು ಟರ್ಬೈನ್ ಕಟ್ಟಡಕ್ಕೆ ಬಂದಿದ್ದರು. ಪೇಟೆಯ ಒಂದು ಲೈನ್ ತುಂಡಾಗಿ ಟರ್ಬೈನಿನ ಮೇಲಿನ ಹೊರೆ ಫಕ್ಕನೆ ಇಳಿಯಿತು, ವೇಗದ ಮುಳ್ಳು ಏರತೊಡಗಿತು. ಎಂಜಿನ್ ಹೀಗೆ ಓಡತೊಡಗಿದರೆ ಎಣ್ಣೆ ಕತ್ತರಿಸುವುದು ಡೀಸೆಲ್‌ನವರ ಕೈಗೆ ಕೂಡಿ ಬಂದ ಅಭ್ಯಾಸ. ಅವರ ಕೈ ಯೋಚನೆಗೆ ಮೊದಲೇ ಹೋಯಿತು. ನಾನು ಬೇಡ ಎನ್ನುವಷ್ಟರಲ್ಲಿ ನೀರಿನ ವಾಲ್ವ್ ಪೂರ್ತಿ ಮುಚ್ಚಿದ್ದರು. ಎಣ್ಣೆಯಾದರೆ ನಿಲ್ಲುತ್ತದೆ. ಗುಡ್ಡದ ತುದಿಯಿಂದ ಓಡಿ ಬರುತ್ತಿರುವ ನೀರಿನ ಮುಖಕ್ಕೆ ಬಾಗಿಲು ಬಡಿದರೆ ಅದು ಎಲ್ಲಿ ಹೋಗಬೇಕು? ಪೈಪಿನೊಳಗೆ ಸುತ್ತಿಗೆಯಲ್ಲಿ ಹೊಡೆದಂಥ ಸದ್ದಾಯಿತು. ಗುಡ್ಡದ ಮಧ್ಯದಲ್ಲಿ ಒಂದು ಜೋಡಣೆ ಬಿಚ್ಚಿ ನೀರು ಆಕಾಶಕ್ಕೆ ಹಾರಿತು. ಕೆಳಗಿನ ಗೆಡ್ಡೆಯ ಗದ್ದೆಗಳು ಕೊಚ್ಚಿಹೋದವು. ಪುಣ್ಯಕ್ಕೆ ಅಲ್ಲಿ ಜನರಿರಲಿಲ್ಲ.

ಗದ್ದೆಯವರ ಬಳಿ ಹೋಗಿ ಕ್ಷಮೆ ಕೇಳಿದ್ದು ಕರ್ಕೇರರೇ. ನಮ್ಮ ಜನರನ್ನು ಕರೆದುಕೊಂಡು ಹೋಗಿ ಮಣ್ಣು ಹೊತ್ತು ಬದು ಕಟ್ಟಿಕೊಟ್ಟರು. ಆದರೆ ಆಮೇಲೆ ಟರ್ಬೈನ್ ಕಡೆ ತಲೆ ಹಾಕಲಿಲ್ಲ. ನೀರು ಬುದ್ಧಿಯಿಲ್ಲದ ಪ್ರಾಣಿ ಬಾಯಿ, ಅದಕ್ಕೆ ಬ್ರೇಕ್ ಇಲ್ಲ, ನಿಮ್ಮ ಪ್ರಾಯಕ್ಕೆ ಹುಮ್ಮಸ್ಸು ಉಂಟು, ನನಗೆ ಇಲ್ಲ ಎಂದುಬಿಟ್ಟರು. ಅವರು ಒಪ್ಪದೆ ಎಂಜಿನ್ ನಿಲ್ಲಿಸುವುದು ಯಾರ ಕೈಯಲ್ಲೂ ಇರಲಿಲ್ಲ. ನನಗೆ ಅವರ ಮೇಲೆ ಕೋಪವೂ ಬಂತು, ಕನಿಕರವೂ ಬಂತು.

ಪೈಪು ರಿಪೇರಿ ನಡೆಯುವಾಗ ನಾನೂ ಕರ್ಕೇರರೂ ರಜೆಯ ಮೇಲೆ ಊರಿಗೆ ಬಂದೆವು. ಬನ್ನಂಜೆಯಲ್ಲಿ ಒಂದು ಮದುವೆಯಲ್ಲಿ ಭೇಟಿಯಾದಾಗ, ಗೇರುಬೀಜದ ಕಾರ್ಖಾನೆಯಲ್ಲಿ ನನ್ನ ಜೊತೆಗಿದ್ದ ಸರೋಜಕ್ಕನ ಮನೆಗೆ ಹೋಗುವ, ಬನ್ನಿ ಎಂದೆ. ಸರೋಜಕ್ಕ ಕಾರ್ಕಳದಿಂದ ಆಚೆ, ಘಟ್ಟದ ಬುಡದಲ್ಲಿ ಇರುವುದು. ಮನೆಯ ಹಿಂದೆ ಹರಿಯುವ ತೋಡಿನ ನೀರಿಗೆ ಪುಟ್ಟ ಟರ್ಬೈನ್ ಹಾಕಿಸಿ ಕರೆಂಟು ಮಾಡಿಕೊಂಡಿದ್ದಾರೆಂದು ಕೇಳಿದ್ದೆ. ಅದನ್ನು ಮೊದಲೇ ಹೇಳಿದ್ದರೆ ಕರ್ಕೇರರು ಬರುತ್ತಿರಲಿಲ್ಲ. ಕೋಳಿ ಸುಕ್ಕ ಉಂಟು ಎಂದೆ, ಬಂದರು.

ಊಟಕ್ಕೆ ಮೊದಲು ಕೈಕಾಲು ತೊಳೆಯಲು ಬಚ್ಚಲಿಗೆ ಹೋದವರು ಬೆರಳು ಊದುತ್ತಾ ಹೊರಗೆ ಬಂದರು. ಒಲೆಗೆ ಬೆಂಕಿ ಹಾಕದೆ ಹಂಡೆಯ ನೀರು ಕುದಿಯುತ್ತಿತ್ತು. ಸರೋಜಕ್ಕ ನನ್ನ ಕಡೆ ತಿರುಗಿ ದೂರು ಹೇಳತೊಡಗಿದರು.

"ಟಿವಿ ಬಂದ್ ಮಾಡಿದರೆ ಸಾಕು, ಇಲ್ಲಿ ನೀರು ಕುದಿಯುತ್ತದೆ. ಮಿಕ್ಸಿ ಹಾಕಿದರೆ ತಣ್ಣಗಾಗುತ್ತದೆ. ಮನೆ ತುಂಬ ಜನ ಇದ್ದ ದಿನ ಸ್ನಾನಕ್ಕೆ ತಣ್ಣೀರು, ಯಾರೂ ಇಲ್ಲದ ದಿನ ಬಿಸಿನೀರು. ಇದೆಂತ ಮೆಶಿನ್ ಮಾರಾಯ್ತಿ?"

ಅವರ ಗಂಡನನ್ನು ಕೇಳಿದರೆ, ಮಂಗಳೂರಿನಿಂದ ಬಂದವರು ಕೂರಿಸಿ ಹೋದದ್ದು, ಪೆಟ್ಟಿಗೆ ಮುಟ್ಟಬೇಡಿ ಎಂದಿದ್ದಾರೆ, ನಾನು ಮುಟ್ಟಿಲ್ಲ ಎಂದರು. ನಾನು ಇಂಥ ಪೆಟ್ಟಿಗೆಯ ಬಗ್ಗೆ ಓದಿದ್ದೆ. ಮನೆಗೆ ಬೇಡವಾದ ಕರೆಂಟನ್ನು ಅದು ನೀರು ಕಾಯಿಸುವ ಕಾಯಿಲಿಗೆ ಕಳುಹಿಸುತ್ತದೆ. ಮನೆಗೆ ಬೇಕಾದ ಕೂಡಲೇ ಕಾಯಿಲಿನಿಂದ ಕಿತ್ತು ಕೊಡುತ್ತದೆ. ಟರ್ಬೈನಿನ ಮೇಲಿನ ಹೊರೆ ಮಾತ್ರ ಯಾವಾಗಲೂ ಒಂದೇ. ಕರ್ಕೇರರಿಗೆ ವಿವರಿಸಲು ಹೊರಟೆ, ಅವರು ಕೈ ಅಡ್ಡ ಹಿಡಿದರು. ಊಟವಾದ ಮೇಲೆ ಸರೋಜಕ್ಕನ ಗಂಡನನ್ನು ಟಿವಿಯ ಮುಂದೆ ಕೂರಿಸಿ, ಹಾಕಿ, ಬಂದ್ ಮಾಡಿ, ಹಾಕಿ ಎನ್ನುತ್ತಾ ತೋಡಿನ ಬದಿಯಲ್ಲಿ ಟರ್ಬೈನಿಗೆ ಕಿವಿ ಕೊಟ್ಟು ಕುಕ್ಕರುಗಾಲಿನಲ್ಲಿ ಕೂತರು. ಮಿಕ್ಸಿ ಹಾಕಿಸಿದರು, ಪಂಪು ಹಾಕಿಸಿದರು. ಸರೋಜಕ್ಕ ನನ್ನ ಕಿವಿಯಲ್ಲಿ, ಇವರಿಗೆ ಸ್ವಲ್ಪ ಲೂಸಾ ಎಂದು ಕೇಳಿದರು. ಸಂಜೆ ಚಹಾಕ್ಕೆ ಕರೆಯಲು ಹೋದಾಗ ಕರ್ಕೇರರ ಮುಖ ಬೇರೆಯೇ ಆಗಿತ್ತು.

"ಬಾಯಿ, ಟಿವಿ ಹಾಕಿದ್ದು, ಬಂದ್ ಮಾಡಿದ್ದು, ನೀರಿಗೆ ಗೊತ್ತೇ ಆಗುವುದಿಲ್ಲ ಅಲ್ವಾ?"

"ಇಲ್ಲ ಕರ್ಕೇರರೇ. ನೀರು ಅದರಷ್ಟಕ್ಕೆ ಬರುತ್ತಾ ಇರುತ್ತದೆ."

"ಹಾಗಾದರೆ ಅದಕ್ಕೆ ಬ್ರೇಕ್ ಹಾಕಲು ಹೋದದ್ದೇ ತಪ್ಪು," ಎಂದರು. ಕಾಪುವಿಗೆ ಹೋಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಮಾತು. ಮನೆಗೊಂದು ಹಂಡೆ ಸಾಕು, ಇಡೀ ಪೇಟೆಗೆ ಎಷ್ಟು ದೊಡ್ಡ ಹಂಡೆ ಬೇಕು, ಅಷ್ಟು ಬಿಸಿನೀರು ಯಾರಿಗೆ ಬೇಕು? ಕಂಡಕ್ಟರು ಟಿಕೆಟ್ ಕೇಳಿದರೆ ಅವನಿಗೂ ಅದನ್ನೇ ಕೇಳುವುದೊಂದು ಬಾಕಿ.

ದ್ವೀಪಕ್ಕೆ ಮರಳಿದ ಮೇಲೆ ಹೊರದೇಶದ ಸಲಹೆಗಾರರೊಬ್ಬರು ನಮ್ಮ ಯೋಚನೆ ಕೇಳಿ ನಕ್ಕರು. ದೇಶದ ಹೊಳೆಯನ್ನು ಸ್ನಾನದ ನೀರು ಕಾಯಿಸಲು ಹಾಳುಮಾಡುತ್ತೀರಾ ಎಂದರು. ಈಗ ಅದೇ ಹೊಳೆ ಇದ್ದೂ ಹಡಗಿನ ಎಣ್ಣೆ ಸುಡುತ್ತಿದ್ದೇವಲ್ಲ, ಅದು ಹಾಳಲ್ಲವೇ ಎಂದು ನಾನು ಕೇಳಿದೆ. ಸಭೆಯಲ್ಲಿ ಸ್ವರ ಏರಿಸಬಾರದು ಎಂದು ಪುಸ್ತಕಗಳಲ್ಲಿ ಬರೆದಿರುತ್ತಾರೆ. ಕೆಲವೊಮ್ಮೆ ಏರಿಸಬೇಕು ಮಗಾ. ನಮ್ಮ ಪರವಾಗಿ ಮಾತಾಡಿದ್ದು ಆಸ್ಪತ್ರೆಯ ಮೇಟ್ರನ್. ಅವರ ಹೆಸರು ಹೇಳಿದರೆ ಡಾಕ್ಟರುಗಳೂ ನಡುಗುತ್ತಿದ್ದರು. ಬಟ್ಟೆ ಒಗೆಯಲು, ಬಾಣಂತಿಯರಿಗೆ ಸ್ನಾನ ಮಾಡಿಸಲು ತಮ್ಮವರು ಇನ್ನೂ ಸೌದೆ ಉರಿಸುತ್ತಿದ್ದಾರೆ, ಬಿಸಿನೀರು ಎಷ್ಟು ಕೊಟ್ಟರೂ ಬೇಕು ಎಂದರು. ನಿರ್ದೇಶಕರು ಒಪ್ಪಿದರು. ಆದರೆ ಗಡುವು ಬದಲಾಗಲಿಲ್ಲ.

ದೊಡ್ಡ ಪೆಟ್ಟಿಗೆ ಬಂತು. ಆಸ್ಪತ್ರೆಯ ಹಿಂದೆ ಟ್ಯಾಂಕುಗಳು ನಿಂತವು. ನಮ್ಮ ಡೀಸೆಲ್‌ನ ಹಳೆಯ ಜನರಿಗೆಲ್ಲ ಕರ್ಕೇರರು ಹೊಸ ಪಾಠ ಶುರು ಮಾಡಿದರು. ವಾಲ್ವ್ ತಿರುಗಿಸುವಾಗ ಒಂದು ಹಾಡು ಗುನುಗಬೇಕು, ಹಾಡು ಮುಗಿಯುವ ಮೊದಲು ವಾಲ್ವ್ ಮುಚ್ಚಿದವನಿಗೆ ಬೈಗುಳ. ತುಳುವಿನ ಬೈಗುಳ ಆ ದ್ವೀಪದವರಿಗೂ ಬಾಯಿಪಾಠವಾಯಿತು. ಕಂಪ್ರೆಸರ್ ಚಾಲೂ ಮಾಡಿ ನೋಡಿದೆವು, ಲೈನ್ ಕತ್ತರಿಸಿ ನೋಡಿದೆವು. ಟರ್ಬೈನ್ ಕದಲಲಿಲ್ಲ.

ಆದರೂ ಪೇಟೆಯ ಎಂಜಿನ್ ನಿಲ್ಲಲಿಲ್ಲ! ಇದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಎಲ್ಲ ಸರಿಯಿದೆ, ನಿಲ್ಲಿಸಲು ಮಾತ್ರ ಯಾರಿಗೂ ಧೈರ್ಯವಿಲ್ಲ. ಇವತ್ತು ಸಂತೆ, ನಾಳೆ ಫುಟ್‌ಬಾಲ್, ನಾಡಿದ್ದು ಬಿಷಪರು ಬರುತ್ತಾರೆ. ದಿನಕ್ಕೊಂದು ನೆಪ ಸಿಗುತ್ತಿತ್ತು. ಮಳೆ ತೆಳ್ಳಗಾಗುತ್ತಾ ಬಂತು. ಹೊಸ ಎಂಜಿನಿನ ಚಿತ್ರವಿರುವ ಪುಸ್ತಿಕೆ ನಿರ್ದೇಶಕರ ಮೇಜಿನ ಮೇಲೆ ಬಂದು ಕೂತಿತು. ನಾನು ಕರ್ಕೇರರ ಮುಂದೆ ಹೋಗಿ ನಿಂತು, ಮೀನಿನ ಬುಟ್ಟಿಗಳನ್ನು ಇನ್ನೊಮ್ಮೆ ನೋಡುವ ಆಸೆ ಉಂಟಾ ನಿಮಗೆ ಎಂದು ಕೇಳಿದೆ. ಕೇಳಬಾರದಿತ್ತೇನೋ.

ಮರುದಿನ ಬೆಳಿಗ್ಗೆ ಕಾಫಿ ಕುಡಿದು ಬಂದು, ಇವತ್ತು ಎಂದರು. ಆಸ್ಪತ್ರೆಗೆ ಅದರದೇ ಸಣ್ಣ ಜನರೇಟರ್ ಇತ್ತು, ಅದರ ಹತ್ತಿರ ಒಬ್ಬನನ್ನು ನಿಲ್ಲಿಸಿದರು. ನನ್ನನ್ನು ಎಂಜಿನ್ ಕೋಣೆಗೆ ಕರೆದರು. ಎಂಜಿನ್ನಿನ ಮೇಲೆ ಒಮ್ಮೆ ಅಂಗೈ ಇಟ್ಟರು, ಎಣ್ಣೆ ಕತ್ತರಿಸಿದರು. ಅದು ಕೆಮ್ಮಿ, ಅಲ್ಲಾಡಿ, ನಿಂತಿತು. ಆಮೇಲೆ ಅವರು ಮಾಡಿದ್ದನ್ನು ನಾನು ಎಣಿಸಿರಲಿಲ್ಲ. ಅಷ್ಟು ದೊಡ್ಡ ಎಂಜಿನನ್ನು ಚಾಲೂ ಮಾಡುವುದು ಗೋಡೆಯ ಬದಿಯ ಸಿಲಿಂಡರುಗಳಲ್ಲಿ ಒತ್ತಿ ತುಂಬಿಟ್ಟ ಗಾಳಿಯಿಂದ. ಆ ಸಿಲಿಂಡರುಗಳ ಬಾಯಿ ತೆರೆದು ಗಾಳಿಯನ್ನೆಲ್ಲ ಹೊರಗೆ ಬಿಟ್ಟುಬಿಟ್ಟರು. ಗಾಳಿ ಶಿಳ್ಳೆ ಹಾಕಿಕೊಂಡು ಹೋಯಿತು. ಇನ್ನು ಬೇಕೆಂದರೂ ಎಂಜಿನ್ ಕೂಡಲೇ ಎದ್ದೇಳುವುದಿಲ್ಲ.

"ಇದೆಂತ ಮಾಡಿದಿರಿ ಕರ್ಕೇರರೇ?"

"ಹೆದರಿದರೆ ಮೊದಲು ಹೋಗುವುದು ನನ್ನ ಕೈಯೇ ಬಾಯಿ. ಗಾಳಿ ಮತ್ತೆ ತುಂಬುವಷ್ಟರಲ್ಲಿ ಹೆದರಿಕೆ ಇಳಿಯುತ್ತದೆ."

ಹೇಳಿದ ಮೇಲೆ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಮೀಟರಿನ ಮುಂದೆ ನಿಂತರು. ಕೋಣೆಯಲ್ಲಿ ಎಷ್ಟು ಮೌನವೆಂದರೆ ಹೊರಗೆ ಹಕ್ಕಿ ಕೂಗಿದ್ದು ಕೇಳಿಸಿತು. ಆ ಕೋಣೆಯಲ್ಲಿ ನಾನು ಮೊದಲ ಸಲ ಹಕ್ಕಿ ಕೇಳಿದ್ದು. ಅಷ್ಟರಲ್ಲಿ ಶೀತಲಗೃಹದ ಕಂಪ್ರೆಸರ್ ಚಾಲೂ ಆಯಿತು, ನಮಗೆ ಮೀಟರಿನಲ್ಲಿ ಗೊತ್ತಾಯಿತು. ಮುಳ್ಳು ಕೆಳಗೆ ವಾಲಿತು. ಕರ್ಕೇರರ ಮೊಣಕೈ ಒಮ್ಮೆ ಮೇಲೆದ್ದದ್ದನ್ನು ನಾನು ನೋಡಿದೆ. ಕೈ ಜೇಬಿನಿಂದ ಹೊರಗೆ ಬರಲಿಲ್ಲ. ಮುಳ್ಳು ತನ್ನ ಜಾಗಕ್ಕೆ ಬಂದು ನಿಂತಿತು. ನನಗೆ ಅಳು ಬರುವಂತಾಗಿತ್ತು, ನಾಚಿಕೆಯೇನಿಲ್ಲ ಹೇಳಲಿಕ್ಕೆ.

ಆಗ ಫೋನ್ ಹೊಡೆಯಿತು. ಕರ್ಕೇರರೇ ಎತ್ತಿದರು. ಮೇಟ್ರನ್ ಸ್ವರ ನನಗೂ ಕೇಳಿಸುತ್ತಿತ್ತು. ಕರೆಂಟು ಹೋಗಿದೆ, ವಾರ್ಡಿನಲ್ಲಿ ತಿಂಗಳು ತುಂಬದ ಮಗು ಬೆಚ್ಚನೆಯ ಪೆಟ್ಟಿಗೆಯಲ್ಲಿದೆ, ಎಷ್ಟು ಹೊತ್ತಿಗೆ ಬರುತ್ತದೆ ಹೇಳಿ ಎಂದು ಕೂಗುತ್ತಿದ್ದರು. ಕಿಟಕಿಯಿಂದ ಹೊರಗೆ ನೋಡಿದೆ. ರಸ್ತೆಯುದ್ದಕ್ಕೂ ಜನ ಅಂಗಡಿಗಳಿಂದ ಇಳಿದು ನಮ್ಮ ಕಡೆ ಮುಖ ಮಾಡಿ ನಿಂತಿದ್ದರು. ಹುಟ್ಟಿದಂದಿನಿಂದ ಅವರಿಗೆ ಕರೆಂಟು ಎಂದರೆ ಎಂಜಿನಿನ ಸದ್ದು. ಸದ್ದು ನಿಂತಿತು, ಕರೆಂಟು ಹೋಯಿತು ಎಂದೇ ಎಲ್ಲರ ಲೆಕ್ಕ. ಐಸ್‌ಕ್ರೀಮಿನವನು ಫ್ರೀಜರಿನ ಮೇಲೆ ಗೋಣಿ ಹೊದೆಸುತ್ತಿದ್ದ, ಅವನ ತಲೆಯ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿತ್ತು.

ಕರ್ಕೇರರು ಮೆಲ್ಲನೆ, ನಿಮ್ಮ ತಲೆಯ ಮೇಲಿನ ಫ್ಯಾನ್ ನೋಡಿ ಸಿಸ್ಟರ್ ಎಂದರು. ಆ ಕಡೆ ಕುರ್ಚಿ ಸರಿದ ಸದ್ದಾಯಿತು. ತಿರುಗುತ್ತಿದೆ ಎಂದರು ಮೇಟ್ರನ್. ಡಾಕ್ಟರುಗಳನ್ನು ನಡುಗಿಸುವ ಹೆಂಗಸಿನ ಸ್ವರ ನಡುಗುತ್ತಿತ್ತು. ಕರ್ಕೇರರು ಫೋನ್ ಇಡುವ ಮೊದಲೇ ಅವರ ಕೆನ್ನೆ ಒದ್ದೆಯಾಗಿತ್ತು. ಇಟ್ಟ ಕೂಡಲೇ ಮತ್ತೆ ಹೊಡೆಯಿತು.

"ಇದನ್ನು ನೀವು ತೆಗೆಯಿರಿ ಬಾಯಿ."

ತೆಗೆದೆ. ನಿರ್ದೇಶಕರು. ಕರೆಂಟು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದರು.